ಉಪ್ಪುನೀರಿನ ಪೈಲ್ವಾನ

ನಾನು ಒಂದು ಕಪ್ಪು ಮೀನು. ಹಣೆಯ ಮೇಲೊಂದು, ಎರಡು ಪಕ್ಕೆಗಳಲ್ಲಿ ಒಂದೊಂದು ಬಿಳಿ ಬೊಟ್ಟು ಹೊತ್ತವನು. ಮುಷ್ಟಿಯಲ್ಲಿ ಮುಚ್ಚಿಡಬಹುದಾದಷ್ಟೇ ನನ್ನ ಗಾತ್ರ. ನನ್ನ ಬಗ್ಗೆ ಒಳ್ಳೆಯ ಮಾತಾಡಿದವರು ಕಡಿಮೆ. ನಾನೂ ಯಾರನ್ನೂ ಹೊಗಳಲು ಬಾಯಿ ತೆರೆದಿಲ್ಲ. ನಡೆದದ್ದನ್ನು ಹೇಳುತ್ತೇನೆ, ಕೇಳುವ ಮನಸ್ಸಿದ್ದವರು ಕೇಳಿ.

ನಾನು ಹುಟ್ಟಿದ್ದು ಕಡಲ ನಡುವಿನ ಒಂದು ನಡುಗಡ್ಡೆಯ ಬುಡದಲ್ಲಿ, ಬಂಡೆಯ ಮೇಲೆ. ನಮ್ಮಲ್ಲಿ ತಾಯಿ ಮೊಟ್ಟೆಯಿಟ್ಟು ಹೊರಟುಹೋಗುತ್ತಾಳೆ. ಕಾಯುವವನು ತಂದೆ. ರೆಕ್ಕೆ ಬೀಸಿ ಮೊಟ್ಟೆಗಳಿಗೆ ನೀರಾಡಿಸುತ್ತಾನೆ, ಹತ್ತಿರ ಬಂದವರು ಎಷ್ಟೇ ದೊಡ್ಡವರಾಗಿರಲಿ ಮುಖಕ್ಕೇ ನುಗ್ಗುತ್ತಾನೆ. ಈ ಸಿಟ್ಟನ್ನು ನಮಗೆ ಯಾರೂ ಕಲಿಸುವುದಿಲ್ಲ. ಮೈಮೇಲಿನ ಬೊಟ್ಟಿನ ಹಾಗೆ ಅದೂ ಹುಟ್ಟಿನಿಂದಲೇ ಬರುತ್ತದೆ.

ಮೊಟ್ಟೆಯೊಡೆದು ಅಲೆಯ ಜೊತೆ ಅಲೆದು, ಕೊನೆಗೆ ಒಂದು ಬಂಡೆಯ ಸಂದಿನಲ್ಲಿ ನೆಲೆ ನಿಂತೆ. ಸ್ವಲ್ಪವೇ ಜಾಗ, ಆದರೆ ನನ್ನದು. ಅಲ್ಲಿಂದ ನನ್ನನ್ನು ಎತ್ತಿದ್ದು ಒಂದು ಸಣ್ಣ ಬಲೆ. ದೋಣಿಯ ಮೇಲೆ ಇಬ್ಬರು ಕೂತಿದ್ದರು. ಒಬ್ಬ ನನ್ನನ್ನು ಡಬ್ಬಿಗೆ ಹಾಕುತ್ತಾ ಕೇಳಿದ, “ಈ ಕಪ್ಪಿಂದು ಎಂತಕ್ಕೆ? ಇದನ್ನ ಯಾರು ತಕಣ್ತಾರೆ?”

“ತಕಣ್ತಾರೆ,” ಎಂದ ಇನ್ನೊಬ್ಬ. “ಇದು ಬೇಗ ಸಾಯುದಿಲ್ಲ.”

ಮನುಷ್ಯರು ನನ್ನ ಬಗ್ಗೆ ಆಡಿದ ಮೊದಲ ಮಾತು ಅದು. ಸಾಯದಿರುವುದೇ ನನ್ನ ಗುಣವೆಂದು ತೀರ್ಮಾನವಾಯಿತು.

ಘಟ್ಟ ಹತ್ತಿ ಹುಬ್ಬಳ್ಳಿಗೆ ಬಂದೆ. ಇಮಾಮಸಾಬ ನದಾಫ್ ಎಂಬವರ ಮೀನಿನ ಅಂಗಡಿ. ನನ್ನ ಜೊತೆ ಒಂದೇ ಗಾಜಿನಲ್ಲಿ ಹಾಕಿದ್ದವರ ಬಾಲಗಳನ್ನು ನಾನು ಚೂರು ಮಾಡಿದ ಮೇಲೆ ನನಗೊಂದು ಬೇರೆ ಗಾಜಿನ ಡಬ್ಬಿ ಸಿಕ್ಕಿತು. ಅದು ಶಿಕ್ಷೆಯೆಂದು ಅವರು ತಿಳಿದಿದ್ದರು. ನನಗೆ ಬೇಕಾಗಿದ್ದೇ ಅದು.

ಅಲ್ಲಿಗೆ ಒಂದು ದಿನ ಅಪ್ಪ, ಮಗಳು ಬಂದರು. ಅಪ್ಪ ಸಂಗಮನಾಥ ಕಡಕೋಳ, ಕನ್ನಡಕದ ಅಂಗಡಿಯವರು. ಮೆತ್ತಗೆ ಮಾತಾಡುವ, ಬೇಗ ನಿರ್ಧಾರ ಮಾಡಲಾಗದ ಮನುಷ್ಯ. ಮಗಳು ಶಾಲ್ಮಲಾ, ಒಂಬತ್ತನೇ ಇಯತ್ತೆಯ ಹುಡುಗಿ. ಅವಳ ತಾಯಿ ತೀರಿಕೊಂಡು ಹೆಚ್ಚು ಕಾಲವಾಗಿರಲಿಲ್ಲ. ಮನೆಯ ಪಡಸಾಲೆಯಲ್ಲಿ ಇಬ್ಬರೂ ಸೇರಿ ಒಂದು ದೊಡ್ಡ ಉಪ್ಪುನೀರಿನ ಟ್ಯಾಂಕ್ ಕಟ್ಟುತ್ತಿದ್ದರು. ಸಂಜೆಗಳು ಉದ್ದವಾಗಿಬಿಟ್ಟಿದ್ದವು, ಏನಾದರೂ ಮಾಡಬೇಕಾಗಿತ್ತು ಎಂದು ಅಪ್ಪ ಇಮಾಮಸಾಬರಿಗೆ ಹೇಳುತ್ತಿದ್ದುದನ್ನು ಕೇಳಿದೆ.

ಹುಡುಗಿಗೆ ಕಿತ್ತಳೆ ಬಣ್ಣದ ಜೋಡಿ ಮೀನು ಬೇಕಾಗಿತ್ತು. ಇಮಾಮಸಾಬ ತಲೆಯಾಡಿಸಿದರು.

“ಈಗ ಬ್ಯಾಡವ್ವಾ. ಹೊಸಾ ಟ್ಯಾಂಕ್ ನೀರು ಇನ್ನೂ ಹದಕ್ಕ ಬಂದಿರೂದಿಲ್ಲ, ಸುಡತೈತಿ. ಮೊದಲ ಈ ಕರೀದನ್ನ ಬಿಡ್ರಿ. ಇದು ಬದುಕಿದ್ರ ಉಳದಾವೂ ಬದುಕತಾವ.”

“ಸತ್ರ?” ಎಂದಳು ಹುಡುಗಿ.

“ಸತ್ರ ಸಾಯಲಿ. ಹೋಗೂದು ಕರೀದ.”

ಆ ನೀರು ನಿಜಕ್ಕೂ ಸುಟ್ಟಿತು. ಕಿವಿರುಗಳು ಬೆಂದಂತಾದವು. ನಾನು ಟ್ಯಾಂಕಿನ ನಡುವೆ ಅವರು ಜೋಡಿಸಿದ್ದ ಕಲ್ಲಿನ ಕಮಾನಿನ ಕೆಳಗೆ ನೆಲಕ್ಕಂಟಿ ಬಿದ್ದಿದ್ದೆ. ಉಸಿರಾಡುವುದೇ ಒಂದು ಕೆಲಸವಾಗಿತ್ತು. ಗಾಜಿನ ಆಚೆ ಹುಡುಗಿಯ ಮುಖ ದೊಡ್ಡದಾಗಿ ಕಾಣುತ್ತಿತ್ತು. ಅವಳು ಶಾಲೆಯಿಂದ ಬಂದವಳೇ ಚೀಲ ಇಳಿಸದೆ ನನ್ನನ್ನು ಹುಡುಕುತ್ತಿದ್ದಳು. “ಅಪ್ಪಾ, ಇನ್ನೂ ಐತಿ,” ಎನ್ನುತ್ತಿದ್ದಳು. ನೀರು ತಿಳಿಯಾದ ದಿನ ನಾನು ಕಮಾನಿನಿಂದ ಹೊರಗೆ ಬಂದು ಅವಳ ಬೆರಳಿಗೆ ಗಾಜಿನ ಮೂಲಕವೇ ಗುದ್ದಿದೆ. ಅವಳು ನಕ್ಕು ನನಗೆ ಪೈಲ್ವಾನ ಎಂದು ಹೆಸರಿಟ್ಟಳು.

ಅಂದೇ ನಾನು ಒಂದು ಮಾತು ಖಚಿತ ಮಾಡಿಕೊಂಡೆ. ಈ ನೀರನ್ನು ಮೊದಲು ಕುಡಿದವನು ನಾನು. ಸಾಯಲೆಂದು ಬಿಟ್ಟಿದ್ದರು, ಸಾಯಲಿಲ್ಲ. ಇನ್ನು ಮುಂದೆ ಬರುವವರು ನನ್ನನ್ನು ಕೇಳಿ ಬರಬೇಕು.

ಕಿತ್ತಳೆ ಜೋಡಿ ಬಂತು. ಅವನ್ನು ಒಂದು ಮೂಲೆಗೆ ಅಟ್ಟಿದೆ. ಅವು ಆ ಮೂಲೆಯಲ್ಲೇ ಸಂಸಾರ ಮಾಡಿಕೊಂಡವು, ನನ್ನ ಕಮಾನಿನ ಹತ್ತಿರ ಸುಳಿಯಲಿಲ್ಲ, ಹಾಗಾಗಿ ಬದುಕಿದವು. ನೀಲಿ ಮೀನೊಂದು ಬಂತು. ಅದು ಸುಳಿಯಿತು, ಬದುಕಲಿಲ್ಲ. ಅಪ್ಪನಿಗೆ ಬೇಸರವಾಯಿತು. ಮಗಳು ಮಾತ್ರ, “ಪೈಲ್ವಾನನ ಜಾಗಾಕ್ಕ ಹೋಗಬಾರದಿತ್ತು,” ಎಂದು ನನ್ನ ಪರವಾಗಿಯೇ ಮಾತಾಡಿದಳು. ಭಾನುವಾರ ಬಂದರೆ ಇಬ್ಬರೂ ನೀಲಿ ಡ್ರಮ್ಮಿನಲ್ಲಿ ಉಪ್ಪು ಕಲಸಿ, ಗಾಜು ತಿಕ್ಕಿ, ನೀರು ಬದಲಿಸುತ್ತಿದ್ದರು. ಆ ಮನೆಯಲ್ಲಿ ಆಗ ಹೊರಗಿನವರು ಯಾರೂ ಇರಲಿಲ್ಲ. ಟ್ಯಾಂಕಿನೊಳಗೂ ಹಾಗೇ ಇತ್ತು. ನನಗೆ ಅದು ಸರಿಯಾದ ಏರ್ಪಾಟು ಎನಿಸಿತ್ತು.

ಆಮೇಲೆ ವಿಮಲಾಕ್ಷಿ ಬಂದಳು.

ಸಂಗಮನಾಥ ಎರಡನೆಯ ಮದುವೆ ಮಾಡಿಕೊಂಡಿದ್ದರು. ವಿಮಲಾಕ್ಷಿ ಗದಗಿನವಳು. ಅಲ್ಲಿ ಆಟದ ಟೀಚರ್ ಆಗಿದ್ದವಳು ಹುಬ್ಬಳ್ಳಿಯ ಒಂದು ಶಾಲೆಗೆ ಸೇರಿಕೊಂಡಳು. ಅಗಲ ಭುಜ, ಗಟ್ಟಿ ದನಿ, ಕಾಲಿಗೆ ಬಿಳಿ ಬೂಟು. ಬಂದ ವಾರದಲ್ಲೇ ಸೋಫಾ ಜಾಗ ಬದಲಾಯಿತು. ಗೋಡೆಯ ಕ್ಯಾಲೆಂಡರ್ ಬದಲಾಯಿತು. ಶಾಲ್ಮಲಾ ಅವಳನ್ನು ಅವ್ವ ಎನ್ನಲಿಲ್ಲ, ಚಿಕ್ಕಮ್ಮ ಎನ್ನಲಿಲ್ಲ. ಮೇಡಂ ಎಂದಳು. ಅದೂ ಬೇರೆ ದಾರಿಯಿಲ್ಲದಾಗ ಮಾತ್ರ.

ಒಂದು ಮಧ್ಯಾಹ್ನ ವಿಮಲಾಕ್ಷಿ ಪ್ಲಾಸ್ಟಿಕ್ ಚೀಲದಲ್ಲಿ ಹಳದಿ ಚಿಟ್ಟೆ ಮೀನೊಂದನ್ನು ತಂದಳು. ಕಾಗದದಷ್ಟು ತೆಳ್ಳಗೆ, ಉದ್ದ ಮೂತಿ. ಇಂಥ ಮೀನು ಜಗಳಕ್ಕೆ ಹುಟ್ಟಿದ್ದಲ್ಲ.

“ನಿನಗಂತ ತಂದೀನಿ,” ಎಂದಳು ಶಾಲ್ಮಲಾಗೆ. “ನೀನ ಬಿಡು. ನನಗ ಗೊತ್ತಾಗೂದಿಲ್ಲ.”

ಹುಡುಗಿಗೆ ಎಲ್ಲವೂ ಗೊತ್ತಿತ್ತು. ಮೊದಲು ಚೀಲವನ್ನು ನೀರಿನ ಮೇಲೆ ತೇಲಬಿಡಬೇಕು, ಟ್ಯಾಂಕಿನ ನೀರನ್ನು ಹನಿಹನಿಯಾಗಿ ಚೀಲಕ್ಕೆ ಬಿಡಬೇಕು, ನಮಗೆಲ್ಲ ಹೊಟ್ಟೆ ತುಂಬ ಹಾಕಬೇಕು, ದೀಪ ಆರಿಸಬೇಕು. ಅವಳು ಚೀಲ ತೆಗೆದುಕೊಂಡಳು, ಕತ್ತರಿ ಹಾಕಿದಳು, ಉರಿಯುವ ದೀಪದ ಕೆಳಗೆ ನೇರವಾಗಿ ನನ್ನ ಕಮಾನಿನ ಮುಂದೆ ಸುರಿದಳು. ಅವಳ ಕಣ್ಣು ಆ ಮೀನಿನ ಮೇಲಿರಲಿಲ್ಲ, ನನ್ನ ಮೇಲಿತ್ತು.

ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಹೊಸಬ ಬಂದ, ನಾನು ನುಗ್ಗಿದೆ. ಮೊದಲು ಬಾಲ, ಆಮೇಲೆ ಕಣ್ಣು. ಅದು ಗಾಜಿನ ಉದ್ದಕ್ಕೂ ಓಡಿತು, ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ. ಸಂಜೆಯ ಹೊತ್ತಿಗೆ ಪಂಪಿನ ಹಿಂದೆ ಅಡ್ಡಬಿದ್ದಿತ್ತು.

ವಿಮಲಾಕ್ಷಿ ಅಂಗಿಯ ತೋಳು ಮಡಚಿ ಕೈ ಇಳಿಸಿ ಅದನ್ನು ತೆಗೆಯಲು ಬಂದಳು. ನಾನು ಅವಳ ಹೆಬ್ಬೆರಳಿನ ಬುಡ ಕಚ್ಚಿದೆ. ಬೇರೆಯವರಾದರೆ ಕೈ ಎಳೆದುಕೊಳ್ಳುತ್ತಿದ್ದರು. ಅವಳು ಎಳೆದುಕೊಳ್ಳಲಿಲ್ಲ. ಸತ್ತ ಮೀನನ್ನು ಹಿಡಿದು, ನಿಧಾನವಾಗಿ ಕೈ ಮೇಲೆತ್ತಿದಳು.

“ಬೇಕಂತನ ಮಾಡಿದಿ,” ಎಂದಳು ಹುಡುಗಿಗೆ.

“ಮಾಡಿದ್ದು ಮೀನು.”

“ಮೀನಿಗೆ ದಾರಿ ಮಾಡಿಕೊಟ್ಟಾಕಿ ನೀನು.”

ಅಪ್ಪ ಅಂಗಡಿಯಿಂದ ಬಂದ ಮೇಲೆ ಊಟದ ಮೇಜಿನ ಹತ್ತಿರ ಜಗಳವಾಯಿತು. ಎಂದೂ ದನಿ ಎತ್ತದ ಮನುಷ್ಯ, “ಈ ಟ್ಯಾಂಕ್ ಮಾರಿಬಿಡ್ತೀನಿ,” ಎಂದರು.

“ಮಾರು,” ಎಂದಳು ಮಗಳು. “ನಾನೂ ಹಾಸ್ಟೆಲಿಗೆ ಹೋಗ್ತೀನಿ. ಮನ್ಯಾಗ ನೀವಿಬ್ಬರ ಇರ್ರಿ.”

ಆಗ ವಿಮಲಾಕ್ಷಿ ರೊಟ್ಟಿ ಮುರಿಯುತ್ತಾ ಹೇಳಿದಳು, “ಯಾರೂ ಎಲ್ಲೂ ಹೋಗೂದಿಲ್ಲ. ಟ್ಯಾಂಕೂ ಇಲ್ಲೇ ಇರತೈತಿ. ಇನ್ನೊಂದು ಮೀನು ತರ್ತೀನಿ. ಈ ಸಲ ನಾನ ಬಿಡ್ತೀನಿ.”

ಅವಳು ಜಗಳ ಬಿಟ್ಟವಳಲ್ಲ, ಎದುರಾಳಿಯನ್ನು ಬದಲಿಸಿಕೊಂಡಳು ಅಷ್ಟೆ. ಅಂದಿನಿಂದ ಅವಳ ಲೆಕ್ಕ ನನ್ನ ಜೊತೆ.

ಇಮಾಮಸಾಬರ ಅಂಗಡಿಗೆ ಮತ್ತೆ ಮತ್ತೆ ಹೋಗಿ ಕೇಳಿಕೊಂಡು ಬಂದಳು. ಈ ಸಲ ತಂದದ್ದು ಸರ್ಜನ್ ಮೀನು. ನೀಲಿ ಛಾಯೆಯ ಬೂದು ಬಣ್ಣ, ನನ್ನ ಎರಡರಷ್ಟು ದೊಡ್ಡದು, ಬಾಲದ ಬುಡದಲ್ಲಿ ಎರಡೂ ಕಡೆ ಚೂರಿಯಂಥ ಮುಳ್ಳು. “ಪೈಲ್ವಾನನ ಮುಂದ ಸಣ್ಣ ಹುಡುಗನ್ನ ನಿಲ್ಲಿಸಬಾರದು,” ಎಂದು ಗಂಡನಿಗೆ ಹೇಳಿದಳು. “ತೂಕಕ್ಕ ತೂಕ ಇರಬೇಕು.”

ಆ ಮೀನನ್ನು ಅವಳು ನೀರಿಗೆ ಬಿಡಲಿಲ್ಲ. ತೂತುಗಳಿದ್ದ ಒಂದು ಪಾರದರ್ಶಕ ಡಬ್ಬಿಯೊಳಗೆ ಇಟ್ಟು, ಡಬ್ಬಿಯನ್ನು ಟ್ಯಾಂಕಿನ ಒಳಗೆ ತೂಗುಹಾಕಿದಳು. ಅದು ನನಗೆ ಕಾಣುತ್ತದೆ, ಅದರ ವಾಸನೆ ಬರುತ್ತದೆ, ಬಾಯಿಗೆ ಮಾತ್ರ ಸಿಗುವುದಿಲ್ಲ. ನಾನು ಡಬ್ಬಿಗೆ ಗುದ್ದಿ ಗುದ್ದಿ ತುಟಿ ಹರಿದುಕೊಂಡೆ. ಅದು ಒಳಗೆ ನಿಂತು ನನ್ನನ್ನು ನೋಡುತ್ತಿತ್ತು. ಹೆದರಿದ ಹಾಗೆ ಕಾಣಲಿಲ್ಲ.

ಆಮೇಲೆ ಅವಳು, ನನ್ನ ಸಿಟ್ಟು ಅತ್ತ ತಿರುಗಲೆಂದು, ಟ್ಯಾಂಕಿನ ಇನ್ನೊಂದು ಬದಿಗೆ ಹೊರಗಿನಿಂದ ಕನ್ನಡಿ ಆನಿಸಿದಳು. ಅದರಲ್ಲಿ ಇನ್ನೊಬ್ಬ ಕಪ್ಪು ಮೀನು ನಿಂತಿದ್ದ. ಹಣೆಗೆ ಬಿಳಿ ಬೊಟ್ಟು, ಕಣ್ಣಲ್ಲಿ ನನ್ನದೇ ಹಗೆ. ನಾನು ನುಗ್ಗಿದರೆ ಅವನೂ ನುಗ್ಗುತ್ತಿದ್ದ. ನನ್ನ ಜೀವಮಾನದಲ್ಲಿ ಹಿಂದೆ ಸರಿಯದ ಎದುರಾಳಿ ಅವನೊಬ್ಬನೇ. ಇಡೀ ಹಗಲು ಅವನ ಜೊತೆ ಕಾದಾಡಿ ಸುಸ್ತಾದೆ. ಅವಳು ಕನ್ನಡಿ ತೆಗೆದುಕೊಂಡು ಹೋದಳು, ಅವನೂ ಹೋದ. ಗೆದ್ದವರು ಯಾರೆಂದು ನನಗೆ ಇಂದಿಗೂ ತಿಳಿಯದು.

ಕೊನೆಗೆ ಅವಳು ಮಾಡಿದ್ದು ನನ್ನ ಬಾಳಿನ ದೊಡ್ಡ ಅನ್ಯಾಯ. ಭುಜದವರೆಗೆ ಕೈ ಇಳಿಸಿ ಕಲ್ಲುಗಳನ್ನು ಒಂದೊಂದಾಗಿ ಕಿತ್ತಳು. ನನ್ನ ಕಮಾನು ಬಿಚ್ಚಿಹೋಯಿತು. ಕಲ್ಲುಗಳನ್ನು ಎಲ್ಲೆಲ್ಲೋ ಇಟ್ಟು, ಹೊಸ ಸಂದು, ಹೊಸ ಗುಡ್ಡ ಮಾಡಿದಳು. ಕೆಸರು ಕೆಳಗೆ ಕೂತಾಗ ನನಗೆ ಯಾವುದು ನನ್ನ ಜಾಗ ಎಂದೇ ತಿಳಿಯಲಿಲ್ಲ. ಕಾಯಲು ಜಾಗವಿಲ್ಲದವನು ಯಾರ ಮೇಲೆ ನುಗ್ಗಬೇಕು?

ಶಾಲ್ಮಲಾ ಶಾಲೆಯಿಂದ ಬಂದು ಬಾಗಿಲಲ್ಲೇ ನಿಂತಳು.

“ಆ ಕಲ್ಲು ನಾನು, ಅಪ್ಪ ಕೂಡಿ ಇಟ್ಟಿದ್ದು.”

“ಗೊತ್ತೈತಿ,” ಎಂದಳು ವಿಮಲಾಕ್ಷಿ. “ಹಂಗ ಇದ್ರ ಹೊಸಾದು ಬದುಕೂದಿಲ್ಲ.”

“ಬದುಕಬೇಕಂತ ಯಾರು ಹೇಳ್ಯಾರ?”

ವಿಮಲಾಕ್ಷಿಯ ತೋಳಿನಿಂದ ಉಪ್ಪುನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

“ನಾ ಹೇಳೀನಿ,” ಎಂದಳು ಅವಳು.

ಮರುದಿನ ಸರ್ಜನ್ ಮೀನನ್ನು ಡಬ್ಬಿಯಿಂದ ಬಿಟ್ಟರು. ನಾನು ದಾಳಿ ಮಾಡಿದೆ, ಆದರೆ ಗೊಂದಲದಲ್ಲಿದ್ದೆ. ಅದು ತಿರುಗಿ ಬಾಲ ಬೀಸಿತು. ಚೂರಿ ನನ್ನ ಪಕ್ಕೆಯನ್ನು ಸವರಿಕೊಂಡು ಹೋಯಿತು.

ಅದಾದ ಶನಿವಾರ ಶಾಲ್ಮಲಾ ಮಧ್ಯಾಹ್ನಕ್ಕೆ ಮುಂಚೆಯೇ ಮನೆಗೆ ಬಂದಳು. ಮನೆಯಲ್ಲಿ ಯಾರೂ ಇರಲಿಲ್ಲ. ಸ್ಟೂಲು ಹತ್ತಿ ಟ್ಯಾಂಕಿನೊಳಗೆ ಎರಡೂ ಕೈ ಹಾಕಿದಳು. ಕಮಾನನ್ನು ಮೊದಲಿನಂತೆ ಕಟ್ಟಲು ಬಂದಿದ್ದಳು. ನಾನು ಅವಳ ಬೆರಳುಗಳ ಸುತ್ತ ಸುತ್ತಿದೆ, ಕಚ್ಚಲಿಲ್ಲ. ಎರಡು ಕಂಬ ನಿಂತವು. ಮೇಲಿನ ದೊಡ್ಡ ಕಲ್ಲನ್ನು ಎತ್ತುವಾಗ ಅದು ಜಾರಿತು. ಓರೆಯಾಗಿ ಬಿದ್ದು ಪಕ್ಕದ ಗಾಜಿಗೆ ಬಡಿಯಿತು.

ಸದ್ದು ದೊಡ್ಡದೇನಲ್ಲ. ಆದರೆ ಗಾಜಿನ ಮೇಲೆ ಒಂದು ಗೆರೆ ಓಡಿತು. ಆ ಗೆರೆಯಿಂದ ನೀರು ಚಿಮ್ಮಿತು.

ಹುಡುಗಿ ಸ್ಟೂಲಿನಿಂದ ಜಿಗಿದು ಟವೆಲ್ ತೆಗೆದುಕೊಂಡು ಬಿರುಕಿಗೆ ಒತ್ತಿದಳು. ಎರಡೂ ಅಂಗೈ, ಆಮೇಲೆ ಎದೆ, ಆಮೇಲೆ ಕೆನ್ನೆ. ಫೋನು ಸೋಫಾದ ಮೇಲಿತ್ತು. ಕೈ ತೆಗೆದರೆ ಗಾಜು ಬಿಚ್ಚಿಕೊಳ್ಳುತ್ತದೆಂದು ಅವಳಿಗೆ ಗೊತ್ತಿತ್ತು. ಅವಳು ಹಾಗೆಯೇ ನಿಂತಳು. ನೀರು ಅವಳ ಯೂನಿಫಾರ್ಮಿನ ಮೇಲಿಂದ ಹರಿದು ಪಡಸಾಲೆಯ ತುಂಬ ಹರಡಿತು. ನಮ್ಮ ನೆತ್ತಿಯ ಮೇಲಿನ ಆಕಾಶ ಇಳಿದು ಬರುತ್ತಿತ್ತು. ನಾನು, ಕಿತ್ತಳೆ ಜೋಡಿ, ಸರ್ಜನ್ ಮೀನು ಎಲ್ಲರೂ ಕೆಳಕೆಳಗೆ ಒಂದೇ ಕಡೆ ಒತ್ತರಿಸಿಕೊಂಡೆವು. ಅವಳು ಗಾಜಿಗೆ ಕೆನ್ನೆ ಒತ್ತಿ ನಮ್ಮನ್ನೇ ನೋಡುತ್ತಾ, ಸದ್ದಿಲ್ಲದೆ ಅಳುತ್ತಿದ್ದಳು.

ಬಾಗಿಲು ತೆರೆಯಿತು. ಬಿಳಿ ಬೂಟುಗಳು ನೀರಿನಲ್ಲಿ ನಿಂತವು.

ವಿಮಲಾಕ್ಷಿ, “ಕೈ ತಗೀಬ್ಯಾಡ,” ಎಂದಳು. ಗೋಡೆಯ ಸ್ವಿಚ್ಚುಗಳನ್ನೆಲ್ಲ ಆರಿಸಿದಳು. ಹಿತ್ತಲಿನಿಂದ ನೀಲಿ ಡ್ರಮ್ಮನ್ನು ಉರುಳಿಸಿಕೊಂಡು ಬಂದು, ಪೈಪು ಹಾಕಿ, ಉಳಿದ ನೀರನ್ನು ಅದಕ್ಕೆ ಇಳಿಸತೊಡಗಿದಳು. “ಸೊಂಟ ಬಗ್ಗಿಸು. ಬರೇ ಕೈಯಾಗ ಒತ್ತಬ್ಯಾಡ, ಮೈ ಭಾರ ಹಾಕು. ಹಂಗ. ಇನ್ನೊಂದೀಟು ತಡಕೋ.” ಆಟದ ಮೈದಾನದಲ್ಲಿ ಕೂಗುವ ದನಿಯೇ ಅದು. ಅದರಲ್ಲಿ ಪ್ರೀತಿಯಿರಲಿಲ್ಲ, ಸಿಟ್ಟೂ ಇರಲಿಲ್ಲ. ಹುಡುಗಿ ಹೇಳಿದಂತೆ ಮಾಡಿದಳು.

ಬಲೆ ಬಂತು. ನಮ್ಮನ್ನೆಲ್ಲ ಎತ್ತಿ ಡ್ರಮ್ಮಿಗೆ ಹಾಕಿದರು. ಡ್ರಮ್ಮಿನಲ್ಲಿ ಕಲ್ಲಿಲ್ಲ, ಸಂದಿಲ್ಲ, ಬರಿಯ ನೀಲಿ ಗೋಡೆ. ಸರ್ಜನ್ ಮೀನು ಏದುಸಿರು ಬಿಡುತ್ತಾ ತಳದಲ್ಲಿ ವಾಲಿತ್ತು. ಅದು ದುರ್ಬಲವಾದ ಗಳಿಗೆ ನನಗೆ ಮೊದಲ ಬಾರಿ ಸಿಕ್ಕಿತ್ತು. ನುಗ್ಗಿದೆ. ಕಣ್ಣಿಗೇ ಗುರಿಯಿಟ್ಟೆ. ಎರಡನೆಯ ಸಲ ನುಗ್ಗುವಷ್ಟರಲ್ಲಿ ಬಲೆ ನನ್ನ ಕೆಳಗೆ ಬಂತು.

ಬಲೆ ಹಿಡಿದದ್ದು ಶಾಲ್ಮಲಾ.

“ಮೇಡಂ, ಒಂದು ಪಾತೇಲಿ ಕೊಡ್ರಿ,” ಎಂದಳು. “ಇದನ್ನ ಬ್ಯಾರೆ ಇಡಬೇಕು. ಇಲ್ಲಾಂದ್ರ ಅದನ್ನ ಕೊಲ್ಲತೈತಿ.”

ಅನ್ನ ಮಾಡುವ ಪಾತೇಲಿಯಲ್ಲಿ ನಾನು ಒಬ್ಬನೇ ಬಿದ್ದೆ. ನನ್ನ ಪರವಾಗಿ ಇದ್ದವಳು ಈ ಲೋಕದಲ್ಲಿ ಅವಳೊಬ್ಬಳು. ಅವಳೇ ಎತ್ತಿ ಬೇರೆ ಹಾಕಿದಳು. ನಾನು ಪಾತೇಲಿಯ ತಳದಲ್ಲಿ ಟಕಟಕ ಹಲ್ಲು ಕಡಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಸಂಗಮನಾಥ ಓಡಿ ಬಂದರು. ಪಡಸಾಲೆಯಲ್ಲಿ ಹಿಮ್ಮಡಿ ಮುಳುಗುವಷ್ಟು ನೀರು, ಬಿರಿದ ಗಾಜು, ನೀರಲ್ಲಿ ನೆನೆದ ಸೋಫಾ. “ಯಾರು ಮಾಡಿದ್ದು?” ಎಂದರು. ಶಾಲ್ಮಲಾ ಬಾಯಿ ತೆರೆದಳು.

“ಕಲ್ಲು ಜಾರಿತು,” ಎಂದಳು ವಿಮಲಾಕ್ಷಿ, ನೆಲ ಒರೆಸುತ್ತಾ. “ಕಸಬರಿಗಿ ತಗೊಂಡು ಬರ್ರಿ, ನಿಂತು ನೋಡಬ್ಯಾಡ್ರಿ.”

ಮೂವರೂ ಸಂಜೆಯವರೆಗೆ ನೀರು ಬಳಿದರು. ಮಾತು ಬೇಕಾದಷ್ಟೇ ಆಯಿತು. ಅಪ್ಪಿಕೊಳ್ಳಲಿಲ್ಲ, ಕ್ಷಮೆ ಕೇಳಲಿಲ್ಲ. ಆದರೆ ಕತ್ತಲಾಗುವ ಮುನ್ನ ಹುಡುಗಿ ಒಂದು ತಟ್ಟೆಯಲ್ಲಿ ಅವಲಕ್ಕಿ ತಂದು ವಿಮಲಾಕ್ಷಿಯ ಪಕ್ಕ ಇಟ್ಟು ಒಳಗೆ ಹೋದದ್ದನ್ನು ನಾನು ಪಾತೇಲಿಯಿಂದಲೇ ನೋಡಿದೆ.

ಹೊಸ ಗಾಜಿನ ಟ್ಯಾಂಕ್ ಬಂತು. ಕಲ್ಲುಗಳನ್ನು ಈ ಸಲ ಶಾಲ್ಮಲಾ, ವಿಮಲಾಕ್ಷಿ ಇಬ್ಬರೂ ವಾದ ಮಾಡುತ್ತಾ ಜೋಡಿಸಿದರು. ಒಬ್ಬಳು ಇಟ್ಟಿದ್ದನ್ನು ಇನ್ನೊಬ್ಬಳು ತೆಗೆಯುತ್ತಿದ್ದಳು. ಮೊದಲು ಕಿತ್ತಳೆ ಜೋಡಿ ಇಳಿಯಿತು, ಆಮೇಲೆ ಸರ್ಜನ್ ಮೀನು. ನನ್ನನ್ನು ಕೊನೆಗೆ ಇಳಿಸಿದರು, ಅದೂ ಆ ತೂತಿನ ಡಬ್ಬಿಯಲ್ಲಿ.

ಈಗ ಒಳಗಿದ್ದವನು ನಾನು. ಹೊರಗಿನಿಂದ ಸರ್ಜನ್ ಮೀನು ಬಂದು ಡಬ್ಬಿಗೆ ಬಾಲ ಬಡಿಯುತ್ತಿತ್ತು. ಬಿಟ್ಟ ಮೇಲೆ ನಾವಿಬ್ಬರೂ ಕಾದಾಡಿದೆವು. ನನ್ನ ಬೆನ್ನಿನ ರೆಕ್ಕೆ ಸೀಳಿತು, ಅದರ ಒಂದು ಕಣ್ಣು ಮಂಜಾಯಿತು. ಯಾರೂ ಸೋಲಲಿಲ್ಲ. ಹಾಗೇ ಬಿಟ್ಟಿದ್ದರೆ ನಮ್ಮಲ್ಲಿ ಒಬ್ಬರು ಸಾಯುತ್ತಿದ್ದರು.

ಇಮಾಮಸಾಬರಿಗೆ ಫೋನು ಮಾಡಿದರು. “ಆ ಕರೀದನ್ನ ವಾಪಸ್ ತಗೊಳ್ಳೂದಿಲ್ರೀ,” ಎಂದರಂತೆ ಅವರು. “ಬ್ಯಾರೆ ಏನರ ಕೇಳ್ರಿ.”

“ಕೆಳಗ ಸಂಪಿನ್ಯಾಗ ಹಾಕೂಣು,” ಎಂದಳು ಶಾಲ್ಮಲಾ.

ಸಂಪು ಎಂದರೆ ಟ್ಯಾಂಕಿನ ಕೆಳಗೆ, ಕಪಾಟಿನೊಳಗೆ ಇರುವ ಇನ್ನೊಂದು ಗಾಜಿನ ಪೆಟ್ಟಿಗೆ. ಮೇಲಿನ ನೀರು ಪೈಪಿನಲ್ಲಿ ಇಳಿದು, ಇಲ್ಲಿ ಸೋಸಿ, ಪಂಪಿನಿಂದ ಮತ್ತೆ ಮೇಲೆ ಹೋಗುತ್ತದೆ. ಅವರೆಲ್ಲ ಬಳಸಿದ ನೀರು ನನ್ನ ಹತ್ತಿರ ಬರುತ್ತದೆ, ನಾನು ಬಳಸಿದ ನೀರು ಅವರ ಹತ್ತಿರ ಹೋಗುತ್ತದೆ. ನೋಡಲು ಮಾತ್ರ ಯಾರೂ ಸಿಗುವುದಿಲ್ಲ. ಕಪಾಟಿನ ಬಾಗಿಲು ತೆರೆದಾಗ ಮನುಷ್ಯರ ಕಾಲು ಕಾಣುತ್ತದೆ. ಸಂಗಮನಾಥರ ಕಾಲು ಬರಬರುತ್ತಾ ನಿಧಾನವಾಯಿತು. ಶಾಲ್ಮಲಾಳ ಕಾಲಿಗೆ ಕಾಲೇಜಿನ ಚಪ್ಪಲಿ ಬಂತು. ಬಿಳಿ ಬೂಟು ಹಳೆಯದಾಗಿ ಇನ್ನೊಂದು ಬಿಳಿ ಬೂಟು ಬಂತು. ಒಮ್ಮೊಮ್ಮೆ ಮೇಲೆ ಜೋರು ದನಿಗಳು ಕೇಳುತ್ತಿದ್ದವು. ಉಪ್ಪು ಹೆಚ್ಚಾಯಿತು, ಆಹಾರ ಕಡಿಮೆಯಾಯಿತು, ಆ ಕಲ್ಲು ಅಲ್ಲಿ ಬೇಡ. ಇಬ್ಬರೂ ಬಿಟ್ಟುಕೊಡುವವರಲ್ಲ. ಆದರೆ ಭಾನುವಾರ ಬಂದರೆ ಡ್ರಮ್ಮಿನ ಹತ್ತಿರ ನಾಲ್ಕು ಕಾಲು ಇದ್ದೇ ಇರುತ್ತಿದ್ದವು. ಶಾಲ್ಮಲಾ ಅವಳನ್ನು ಅವ್ವ ಎಂದದ್ದು ನನ್ನ ಕಿವಿಗೆ ಬಿದ್ದಿಲ್ಲ.

ನಾನೀಗ ಮುದುಕ. ಕಪ್ಪು ಬಣ್ಣ ಮಾಸಿ ಬೂದಿಯಾಗಿದೆ. ಇಷ್ಟು ವರ್ಷ ಇಲ್ಲಿ ಒಬ್ಬನೇ ಇದ್ದೆ. ಹೋದ ಮಳೆಗಾಲದಲ್ಲಿ ಕಪಾಟಿನ ಬಾಗಿಲು ತೆರೆಯಿತು. ಬಲೆಯಲ್ಲಿ ಒಂದು ಸಣ್ಣ ಹಸಿರು ಮೀನಿತ್ತು. ಮೇಲೆ ಹೊಸದಾಗಿ ಬಿಟ್ಟದ್ದು. ಸರ್ಜನ್ ಮೀನು ಅದರ ಬಾಲವನ್ನು ಬುಡದವರೆಗೆ ಸೀಳಿತ್ತು.

“ಮ್ಯಾಲ ಇದ್ರ ಸಾಯತೈತಿ, ಮೇಡಂ. ಕೆಳಗ ಬಿಡ್ಲೇನು?”

“ಕೆಳಗ ನಿನ್ನ ಪೈಲ್ವಾನ ಅದಾನಲ್ಲ.”

“ಮುದುಕ ಆಗ್ಯಾನ.”

“ಮುದುಕರ ಸಿಟ್ಟು ನಿನಗ ಗೊತ್ತಿಲ್ಲ. ನಡುವ ಒಂದು ಜಾಳಿಗಿ ಹಾಕು,” ಎಂದಳು ವಿಮಲಾಕ್ಷಿ.

ಜಾಳಿಗೆ ಹಾಕಿದರು. ಅದರ ಆಚೆ ಆ ಮೀನು ಪೈಪಿಗೆ ಆತುಕೊಂಡು ನಿಂತಿರುತ್ತಿತ್ತು. ನಾನು ದಿನವೂ ಜಾಳಿಗೆಗೆ ಗುದ್ದಿದೆ. ನನ್ನ ಕರ್ತವ್ಯ ನಾನು ಬಿಡುವವನಲ್ಲ.

ಮೊನ್ನೆ ತೊಳೆಯಲೆಂದು ಜಾಳಿಗೆ ತೆಗೆದವರು ಮತ್ತೆ ಹಾಕುವುದನ್ನು ಮರೆತರು. ಕಪಾಟು ಮುಚ್ಚಿತು. ನಾನು ಸದ್ದಿಲ್ಲದೆ ಕಾದು, ನುಗ್ಗಿದೆ. ಅದು ಓಡಲಿಲ್ಲ. ಓಡಲು ಅದಕ್ಕೆ ಬಾಲ ಇನ್ನೂ ಪೂರ್ತಿ ಬೆಳೆದಿರಲಿಲ್ಲ. ತಿರುಗಿ ನಿಂತು, ಇದ್ದ ಚೂರು ರೆಕ್ಕೆಗಳನ್ನೆಲ್ಲ ಸೆಟೆಸಿ, ನನ್ನ ಮುಖಕ್ಕೇ ಬಾಯಿ ತೆರೆಯಿತು. ನಾನು ಅದರ ಮೂತಿಯ ಹತ್ತಿರ ನಿಂತೆ. ಎಷ್ಟು ಹೊತ್ತು ನಿಂತೆನೋ. ಆಮೇಲೆ ಹಿಂದೆ ಸರಿದೆ.

ಇದನ್ನು ಕರುಣೆ ಎಂದು ಯಾರೂ ತಿಳಿಯಬಾರದು. ಪೈಪಿನಿಂದ ಆಚೆ ಅದರದು, ಈಚೆ ನನ್ನದು. ಆಚೆ ಬಿದ್ದ ಕಾಳನ್ನು ನಾನು ಮುಟ್ಟುವುದಿಲ್ಲ. ಈಚೆ ಅದರ ಮೂತಿ ಕಂಡರೆ ಈಗಲೂ ಕಚ್ಚುತ್ತೇನೆ. ಅದಕ್ಕೂ ಇದು ಗೊತ್ತಿದೆ. ಈ ಹೊತ್ತು ಅದು ಪೈಪಿನ ಆಚೆ ನನ್ನ ಕಡೆ ಮುಖ ಮಾಡಿ ನಿಂತಿದೆ, ನಾನು ಈಚೆ ಅದರ ಕಡೆ ಮುಖ ಮಾಡಿ ನಿಂತಿದ್ದೇನೆ.